ಗಾಯದ ಅವಸರ, ಚರ್ಮದ ಹದ

ಮೂಲೆಮನೆ ಅತ್ತೆಯ ಗದ್ದ ಎದೆಗೆ ಅಂಟಿಕೊಂಡಂತೆ ಇರುತ್ತಿತ್ತು. ದಾವಣಗೆರೆಯ ನಮ್ಮ ಬೀದಿಯ ಮಕ್ಕಳಿಗೆಲ್ಲ ಅವರು ಅತ್ತೆ. ಎಂಬತ್ತರ ದಶಕದ ಆರಂಭದಲ್ಲಿ ಒಂದು ಬೆಳಗ್ಗೆ ಸೀಮೆಎಣ್ಣೆಯ ಪಂಪ್ ಸ್ಟೌ ಸಿಡಿದು ಅವರ ಕುತ್ತಿಗೆ, ಎದೆ, ಬಲಗೈ ಸುಟ್ಟಿದ್ದವು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ನೋಡಲು ಹೋದ ಹೆಂಗಸರು, ‘ಅಂತೂ ಗಾಯ ಮಾಯ್ತಲ್ಲ, ದೇವರು ದೊಡ್ಡೋನು’ ಎಂದು ಸಮಾಧಾನಪಟ್ಟುಕೊಂಡರು. ಗಾಯ ಮಾಯಿತು, ನಿಜ. ಆದರೆ ಮಾಯುತ್ತ ಮಾಯುತ್ತ ಅದು ಸುತ್ತಲಿನ ಒಳ್ಳೆಯ ಚರ್ಮವನ್ನೂ ತನ್ನತ್ತ ಎಳೆದುಕೊಂಡಿತ್ತು. ಕುತ್ತಿಗೆಯಿಂದ ಎದೆಗೆ ಹಗ್ಗ ಬಿಗಿದಂತೆ ಗಟ್ಟಿ ಪಟ್ಟಿಗಳು. ಮಹಡಿಯಿಂದ ಯಾರಾದರೂ ಕರೆದರೆ ಅತ್ತೆ ಕತ್ತೆತ್ತುತ್ತಿರಲಿಲ್ಲ. ಸೊಂಟದಿಂದಲೇ ಹಿಂದಕ್ಕೆ ಬಾಗಿ ಇಡೀ ಮೈಯಿಂದ ಮೇಲೆ ನೋಡುತ್ತಿದ್ದರು. ಶಿವರಾತ್ರಿ ಕಳೆದು ಬಿಸಿಲು ಏರಿತೆಂದರೆ ಮಳೆಗಾಲದವರೆಗೂ ಅವರ ಹೆಗಲ ಮೇಲೊಂದು ಒದ್ದೆ ಟವೆಲ್. ಅದೇಕೆಂದು ನಾನು ಕೇಳಿದವನಲ್ಲ.

ಅವರ ಕುತ್ತಿಗೆಗೆ ಆದದ್ದಕ್ಕೆ ವೈದ್ಯರ ಮಾತಿನಲ್ಲಿ ಕಾಂಟ್ರಾಕ್ಚರ್ ಎಂದು ಹೆಸರು. ತೆರೆದ ಗಾಯ ತನ್ನ ಅಂಚುಗಳನ್ನು ಒಳಕ್ಕೆ ಜಗ್ಗಿಕೊಂಡು ಬಾಯಿ ಮುಚ್ಚಿಕೊಳ್ಳುವಾಗ ಉಳಿಯುವ ಬಿಗಿತ ಅದು. ಅತ್ತೆ ನಮ್ಮ ಊರಿನಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದ ಆ ವರ್ಷಗಳಲ್ಲೇ ಅಮೆರಿಕದ ಬಾಸ್ಟನ್ನಿನ ಬಳಿ ಒಬ್ಬ ವಿಜ್ಞಾನಿ ಈ ಜಗ್ಗಾಟದ ಬೆನ್ನುಹತ್ತಿದ್ದರು. ಅವರು ವೈದ್ಯರಲ್ಲ. ಪಾಲಿಮರುಗಳನ್ನು, ಅಂದರೆ ಉದ್ದನೆಯ ಸರಪಳಿ ಅಣುಗಳನ್ನು ಓದಿಕೊಂಡ ರಸಾಯನ ವಿಜ್ಞಾನಿ. ಪಾಠ ಹೇಳುತ್ತಿದ್ದುದು ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ (ಎಂ.ಐ.ಟಿ.) ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿ. ಹೆಸರು ಇಯೋನಿಸ್ ಯಾನಸ್. ಸುಟ್ಟಗಾಯದ ಮೇಲೆ ಹೊದಿಸಲು ಒಂದು ಹೊದಿಕೆ ಮಾಡಿಕೊಡಿ ಎಂದು ಅವರನ್ನು ಕೇಳಲಾಗಿತ್ತು. ಅವರ ಕೈಗೆ ಸಿಕ್ಕಿದ್ದು ಬೇರೆಯೇ: ಅವಸರ ಮಾಡದಂತೆ ತಡೆದರೆ ವಯಸ್ಕರ ಮೈ ಕಳೆದುಕೊಂಡ ಚರ್ಮವನ್ನು ಮತ್ತೆ ಹೆಣೆದುಕೊಳ್ಳಬಲ್ಲದು ಎಂಬ ಸಂಗತಿ.

ಚರ್ಮ ಎರಡು ಪದರ. ಮೇಲ್ಚರ್ಮ ತೀರ ತೆಳು. ದಿನವೂ ಉದುರುತ್ತದೆ, ದಿನವೂ ಹುಟ್ಟುತ್ತದೆ. ಕಾದ ಬಾಣಲೆ ತಾಗಿ ಬೊಬ್ಬೆ ಎದ್ದರೆ ವಾರ ಹತ್ತು ದಿನದಲ್ಲಿ ಗುರುತಿಲ್ಲದಂತೆ ಮಾಯುವುದು ಇದರ ಗುಣದಿಂದ. ಅದರ ಕೆಳಗಿನ ಒಳಚರ್ಮ ದಪ್ಪ, ಬಲ, ಚರ್ಮದ ನಿಜವಾದ ಮೈಕಟ್ಟು. ರಕ್ತನಾಳ, ನರ, ಬೆವರುಗ್ರಂಥಿ, ಕೂದಲ ಬೇರು ಎಲ್ಲವೂ ಅಲ್ಲೇ. ಬೆಂಕಿ ಅಲ್ಲಿಗಿಳಿದು ಅದನ್ನು ಪೂರ್ತಿ ತಿಂದರೆ ಅದು ಮತ್ತೆ ಬೆಳೆಯುವುದಿಲ್ಲ. ಹಲ್ಲಿಯ ತುಂಡಾದ ಬಾಲ ಮತ್ತೆ ಬೆಳೆಯುತ್ತದೆ. ಗರ್ಭದಲ್ಲಿರುವ ಎಳೆಯ ಭ್ರೂಣಕ್ಕೆ ಗಾಯವಾದರೆ ಕಲೆ ಉಳಿಯದಂತೆ ಕೂಡಿಕೊಳ್ಳುತ್ತದೆ. ಹುಟ್ಟುವ ಹೊತ್ತಿಗೆ ಆ ವರ ಹೋಗಿಬಿಟ್ಟಿರುತ್ತದೆ. ನಮ್ಮ ಮೈಗೆ ಆಗ ಗೊತ್ತಿರುವುದು ಎರಡೇ ಉಪಾಯ: ಅಂಚುಗಳನ್ನು ಜಗ್ಗು, ಉಳಿದ ಜಾಗಕ್ಕೆ ನಾರಿನ ತೇಪೆ ಹಾಕು. ಆ ತೇಪೆಯೇ ಕಲೆ. ಕಾಡಿನಲ್ಲಿ ಗಾಯಗೊಂಡ ಪ್ರಾಣಿಗೆ ಚೆಂದದ ಚರ್ಮಕ್ಕಾಗಿ ತಿಂಗಳು ಕಾಯುವ ಪುರಸೊತ್ತಿಲ್ಲ. ರಕ್ತ ನಿಲ್ಲಬೇಕು, ಕೀವಾಗುವ ಮೊದಲು ಬಾಗಿಲು ಮುಚ್ಚಬೇಕು. ಹಾಗಾಗಿ ಗಾಯದ ಈ ಅವಸರವನ್ನು ನಾನು ತಪ್ಪೆನ್ನಲಾರೆ. ಅದು ನಮ್ಮನ್ನು ಬದುಕಿಸಿದೆ. ಅತ್ತೆಯನ್ನೂ ಬದುಕಿಸಿತು.

ಯಾನಸ್ ಹುಟ್ಟಿದ್ದು 1935ರಲ್ಲಿ, ಗ್ರೀಸಿನ ಅಥೆನ್ಸಿನಲ್ಲಿ. ಅವರಿಗೆ ಆರು ತುಂಬಿದ ವಸಂತದಲ್ಲಿ ಜರ್ಮನ್ ಸೇನೆ ಆ ಊರಿನೊಳಗೆ ಬಂತು. ಮುಂದೆ ಅಮೆರಿಕಕ್ಕೆ ಓದಲು ಹೋದರು. 1957ರಲ್ಲಿ ಹಾರ್ವರ್ಡಿನಿಂದ ರಸಾಯನ ವಿಜ್ಞಾನದ ಪದವಿ, 1966ರಲ್ಲಿ ಪ್ರಿನ್ಸ್‌ಟನ್ನಿನಿಂದ ಡಾಕ್ಟರೇಟ್. ಅಲ್ಲಿ ಅವರ ಗುರು ಆರ್ಥರ್ ಟೊಬೊಲ್‌ಸ್ಕಿ, ಪಾಲಿಮರ್ ವಿಜ್ಞಾನದ ದೊಡ್ಡ ಹೆಸರು. ಗುರುಶಿಷ್ಯರು 1967ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ವಿಷಯ ಜಿಲಾಟಿನ್. ಜೆಲ್ಲಿಯಲ್ಲಿ, ಔಷಧದ ಕ್ಯಾಪ್ಸೂಲಿನ ಸಿಪ್ಪೆಯಲ್ಲಿ ಇರುವುದು ಅದೇ. ಪ್ರಾಣಿಗಳ ಚರ್ಮ, ಎಲುಬುಗಳಲ್ಲಿರುವ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನನ್ನು ಬೇಯಿಸಿದರೆ ಬರುವ ವಸ್ತು. ಬಿಸಿನೀರಿಗೆ ಹಾಕಿದರೆ ಕರಗುತ್ತದೆ. ಆದರೆ ಅದರ ನೀರಿನಂಶವನ್ನೆಲ್ಲ ಹೊರತೆಗೆದು, ನಿರ್ವಾತದಲ್ಲಿಟ್ಟು ಕಾಯಿಸಿದರೆ ಸರಪಳಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ, ಆಮೇಲೆ ಅದು ಕರಗುವುದಿಲ್ಲ ಎಂದು ಇವರು ತೋರಿಸಿದರು. ಹೊರಗಿನ ರಾಸಾಯನಿಕ ಯಾವುದೂ ಬೇಡ, ಒಣಗಿಸುವುದೊಂದೇ ಸಾಕು. ಆಗ ಯಾರ ಕಣ್ಣಿಗೂ ಇದು ಔಷಧದ ಮಾತಾಗಿ ಕಂಡಿರಲಾರದು. ಹತ್ತು ಹದಿನೈದು ವರ್ಷದ ಮೇಲೆ ಸುಟ್ಟ ಮೈಗಳ ಮೇಲೆ ಕೂತದ್ದು ಇದೇ ಒಣಗಿಸುವ ವಿದ್ಯೆ.

ಡಾಕ್ಟರೇಟ್ ಮುಗಿಸಿದ ವರ್ಷವೇ ಯಾನಸ್ ಎಂ.ಐ.ಟಿ. ಸೇರಿದ್ದರು. ಮೂರು ವರ್ಷ ಕಳೆಯುವ ಹೊತ್ತಿಗೆ ಜಾನ್ ಬರ್ಕ್ ಎಂಬ ಶಸ್ತ್ರಚಿಕಿತ್ಸಕರ ಜತೆ ಕೆಲಸ ಶುರುವಾಯಿತು. ಬರ್ಕ್ ಬಾಸ್ಟನ್ನಿನ ಶ್ರೈನರ್ಸ್ ಸುಟ್ಟಗಾಯದ ಆಸ್ಪತ್ರೆಯವರು. ಮೊದಲು ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. ಅವರ ಇನ್ನೊಂದು ಕೆಲಸವನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಆ್ಯಂಟಿಬಯೊಟಿಕ್ ಚುಚ್ಚುಮದ್ದನ್ನು ಶಸ್ತ್ರಚಿಕಿತ್ಸೆ ಆದ ಮೇಲೆ ಕೊಟ್ಟರೆ ತಡವಾಯಿತು, ಚರ್ಮ ಕೊಯ್ಯುವ ಮುಂಚೆಯೇ ರಕ್ತದಲ್ಲಿರಬೇಕು ಎಂದು 1961ರಲ್ಲಿ ಗಿನಿಪಿಗ್‌ಗಳ ಮೇಲೆ ಪ್ರಯೋಗ ಮಾಡಿ ತೋರಿಸಿದವರು ಬರ್ಕ್. ಇಂದು ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್‌ಗೆ ಮೊದಲು ಕೊಡುವ ಆ ಚುಚ್ಚುಮದ್ದಿನ ಹಿಂದೆಯೂ ಅವರಿದ್ದಾರೆ.

ಸುಟ್ಟವರು ಸಾಯುವುದು ಬಹುಪಾಲು ಬೆಂಕಿಯಿಂದಲ್ಲ, ಚರ್ಮ ಇಲ್ಲದ್ದರಿಂದ. ಮೈಯ ನೀರು ಸೋರಿಹೋಗುತ್ತದೆ, ಸೋಂಕು ಒಳನುಗ್ಗುತ್ತದೆ. ಸತ್ತ ಚರ್ಮವನ್ನು ಬೇಗ ಕತ್ತರಿಸಿ ತೆಗೆಯಬೇಕು ಎಂದು ಹಟ ಹಿಡಿದ ವೈದ್ಯರಲ್ಲಿ ಬರ್ಕ್ ಒಬ್ಬರು. ತೆಗೆದ ಮೇಲೆ ಮುಚ್ಚುವುದು ಯಾವುದರಿಂದ? ಬೇರೆಯವರ ಚರ್ಮ ಹಾಕಿದರೆ ಮೈ ಕೆಲವೇ ವಾರಗಳಲ್ಲಿ ಅದನ್ನು ತಳ್ಳಿಹಾಕುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಟ್ಟ ರೋಗಿಗಳನ್ನು ನೋಡುತ್ತ ವಿಜ್ಞಾನಿ ಪೀಟರ್ ಮೆಡವಾರ್ ಇದನ್ನು ಸ್ಪಷ್ಟಪಡಿಸಿದ್ದರು. ಉಳಿಯುವುದು ತನ್ನದೇ ಚರ್ಮ.

ತನ್ನ ಚರ್ಮವನ್ನು ತನಗೇ ಸಾಲ ಕೊಡುವ ವಿದ್ಯೆ ನಮ್ಮ ನೆಲದಲ್ಲಿ ಹಳೆಯದು. ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಒಂದು ಪತ್ರ ಅಚ್ಚಾಯಿತು. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬ ಮರಾಠ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿ ಮೂಗು ಮತ್ತು ಒಂದು ಕೈ ಕಳೆದುಕೊಂಡದ್ದು, ವರ್ಷದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಕಟ್ಟಿದ್ದು ಅದರಲ್ಲಿತ್ತು. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಗೆರೆ ಎಳೆದು, ಅಷ್ಟೇ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಒಂದು ಕೊಂಡಿ ಉಳಿಸಿಕೊಂಡು ಕೆಳಕ್ಕೆ ತಿರುಗಿಸಿ ಹೊಲಿದಿದ್ದ. ಯುರೋಪಿನ ವೈದ್ಯರು ಬೆರಗಾದರು, ಕಲಿತರು. ಆದರೆ ಸಾಲ ತರಲು ಹಣೆಯಾದರೂ ಉಳಿದಿರಬೇಕು. ಮೈಯ ಮುಕ್ಕಾಲು ಪಾಲು ಸುಟ್ಟವರ ಬಳಿ ಕೊಡಲು ಏನಿರುತ್ತದೆ? ಬರ್ಕ್ ಎಂ.ಐ.ಟಿ.ಯ ಬಾಗಿಲು ತಟ್ಟಿದ್ದು ಈ ಪ್ರಶ್ನೆ ಹಿಡಿದು.

ಮೊದಲ ಗುರಿ ಸರಳವಾಗಿತ್ತು: ಗಾಯ ಬೇಗ ಮುಚ್ಚುವಂಥ ಒಂದು ಹೊದಿಕೆ. ಯಾನಸ್ ಬಗೆಬಗೆಯ ಹಾಳೆಗಳನ್ನು ಮಾಡಿ ಗಿನಿಪಿಗ್‌ಗಳ ಗಾಯಗಳಿಗೆ ಹೊದಿಸಿ ಅಳೆಯುತ್ತ ಹೋದರು. ಗಿನಿಪಿಗ್‌ನ ಚರ್ಮ ಸಡಿಲ. ಗಾಯದ ಹೆಚ್ಚಿನ ಪಾಲು ಅಂಚು ಜಗ್ಗಿಕೊಂಡೇ ಮುಚ್ಚಿಬಿಡುತ್ತದೆ, ಕಲೆಗೆ ಉಳಿಯುವುದು ಕೊಂಚ. ಹೆಚ್ಚಿನ ಹಾಳೆಗಳಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಂದು ಬಗೆಯ ಹಾಳೆ ಹೊದಿಸಿದಾಗ ಮಾತ್ರ ಗಾಯ ಮುಚ್ಚುವುದು ಉಳಿದವಕ್ಕಿಂತ ತಡವಾಯಿತು. ಬೇಗ ಮುಚ್ಚಲಿ ಎಂದು ಹೊರಟವರ ಲೆಕ್ಕದಲ್ಲಿ ಅದು ಎಲ್ಲಕ್ಕಿಂತ ಕಳಪೆ ಹಾಳೆ. ಎಸೆದು ಮುಂದೆ ಹೋಗಬಹುದಿತ್ತು. ಆದರೆ ತಡವಾಗಿ ಮುಚ್ಚಿದ ಆ ಜಾಗದ ತುಣುಕನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಕಂಡದ್ದು ಕಲೆಯಲ್ಲ. ಕಲೆಯಲ್ಲಿ ನಾರುಗಳು ಬಾಚಿದ ಕೂದಲಿನಂತೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ಇಲ್ಲಿ ಅವು ಎಲ್ಲ ದಿಕ್ಕಿಗೂ ಹೆಣೆದುಕೊಂಡಿದ್ದವು, ನಿಜವಾದ ಒಳಚರ್ಮದಲ್ಲಿ ಇರುವ ಹಾಗೆಯೇ. ಈ ವೃತ್ತಾಂತದಲ್ಲಿ ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸುವುದು ಈ ಗಳಿಗೆ. ಸೋತ ಮಾದರಿಯನ್ನು ಎಸೆಯದೆ, ಅದು ಹೇಗೆ ಸೋತಿತು ಎಂದು ಕುತೂಹಲದಿಂದ ನೋಡಿದ ಕಣ್ಣು ಅದು.

ಆ ಹಾಳೆಯಲ್ಲಿ ಇದ್ದುದೇನು? ದನದ ಸ್ನಾಯುರಜ್ಜುವಿನಿಂದ ತೆಗೆದ ಕೊಲಾಜೆನ್, ಶಾರ್ಕ್ ಮೀನಿನ ಮೆದುಮೂಳೆಯಿಂದ ತೆಗೆದ ಕಾಂಡ್ರಾಯಿಟಿನ್ ಸಲ್ಫೇಟ್ ಎಂಬ ಸಕ್ಕರೆ ಜಾತಿಯ ಸರಪಳಿ. ಎರಡನ್ನೂ ವಿನೆಗರಿನ ಹುಳಿಯಲ್ಲಿ ಕಲಸಿ, ಆ ಗಂಜಿಯನ್ನು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿಟ್ಟರೆ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗಿ ಹೋಗುತ್ತದೆ. ಹರಳುಗಳಿದ್ದ ಜಾಗವೆಲ್ಲ ತೂತು. ಸೆಟ್ ದೋಸೆಯ ಮೈಯಂತೆ ಕಾಣುವ ಬಿಳಿಯ ಹಗುರ ಹಾಳೆ ಉಳಿಯುತ್ತದೆ. ಆಮೇಲೆ ಯಾನಸ್‌ರ ಹಳೆಯ ವಿದ್ಯೆ: ಒಣಗಿಸಿ ಕಾಯಿಸಿ ಕೊಂಡಿ ಹಾಕಿಸುವುದು. ಅದು ಸಾಲದಿದ್ದರೆ ಗ್ಲುಟರಾಲ್ಡಿಹೈಡ್ ದ್ರಾವಣ. ಚರ್ಮ ಹದ ಮಾಡುವ ಕಾರ್ಖಾನೆಗಳಲ್ಲೂ ಬಳಸುವ ರಾಸಾಯನಿಕ ಅದು.

ಹದ. ಕನ್ನಡದಲ್ಲಿ ಚರ್ಮಕ್ಕೂ ಹದ, ಪಾಕಕ್ಕೂ ಹದ, ಉಳುವ ನೆಲಕ್ಕೂ ಹದ. ಯಾನಸ್ ವರ್ಷಗಟ್ಟಲೆ ಹುಡುಕಿದ್ದನ್ನು ಹೇಳಲು ಇದಕ್ಕಿಂತ ಒಳ್ಳೆಯ ಮಾತು ನನಗೆ ತೋಚುವುದಿಲ್ಲ. ಹೀರೇಬಳ್ಳಿಗೆ ಚಪ್ಪರ ಹಾಕುತ್ತೇವಲ್ಲ, ಈ ಹಾಳೆ ಅಂಥ ಚಪ್ಪರ. ಅಕ್ಕಪಕ್ಕದ ಜೀವಕೋಶಗಳು, ರಕ್ತನಾಳಗಳು ಅದರೊಳಗೆ ತೆವಳಿ ಬರಬೇಕು. ಕೊಂಡಿಗಳು ಕಡಿಮೆಯಾದರೆ ಬಳ್ಳಿ ಹಬ್ಬುವ ಮುಂಚೆಯೇ ಚಪ್ಪರ ಕರಗಿ ಬೀಳುತ್ತದೆ. ಹೆಚ್ಚಾದರೆ ಚಪ್ಪರ ಕರಗುವುದೇ ಇಲ್ಲ, ಮೈ ಅದನ್ನು ಮುಳ್ಳಿನಂತೆ ಕಂಡು ಸುತ್ತ ಗೋಡೆ ಕಟ್ಟುತ್ತದೆ. ಗಾಯ ಮಾಯಲು ಬೇಕಾದಷ್ಟೇ ಹೊತ್ತು, ಸುಮಾರು ಎರಡು ವಾರ, ನಿಂತು ಅನಂತರ ಕರಗಬೇಕು. ತೂತುಗಳಿಗೂ ಹದವಿದೆ: 20ರಿಂದ 125 ಮೈಕ್ರಾನ್, ಹೆಚ್ಚು ಕಡಿಮೆ ಕೂದಲೆಳೆಯ ದಪ್ಪದ ಆಸುಪಾಸು. ತೀರ ಚಿಕ್ಕದಾದರೆ ಜೀವಕೋಶ ಒಳಗೆ ಬರಲಾರದು. ತೀರ ದೊಡ್ಡದಾದರೆ ಹಿಡಿದುಕೊಳ್ಳಲು ಅದಕ್ಕೆ ಸಾಕಷ್ಟು ಗೋಡೆ ಸಿಗದು. 1989ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಯಾನಸ್ ತಂಡ ಈ ಲೆಕ್ಕವನ್ನೆಲ್ಲ ಮುಂದಿಟ್ಟಿತು.

ಕೊಲಾಜೆನ್ ವಿಷಯ ಬಂದಾಗ ನಮ್ಮ ಕಡೆಯ ಒಬ್ಬರನ್ನು ನೆನೆಯಲೇಬೇಕು. ಈ ಪ್ರೋಟೀನು ಮೂರು ಎಳೆಗಳು ಹೊಸೆದ ಹಗ್ಗ ಎಂದು 1954–55ರಲ್ಲಿ ಮದ್ರಾಸಿನಲ್ಲಿ ಕೂತು ಜಗತ್ತಿಗೆ ಹೇಳಿದವರು ಜಿ.ಎನ್. ರಾಮಚಂದ್ರನ್, ಜತೆಗೆ ಗೋಪಿನಾಥ ಕರ್ತ. ಅವರು ಎಕ್ಸ್‌ರೇ ಹಾಯಿಸಿದ್ದು ಕಾಂಗರೂ ಬಾಲದ ಸ್ನಾಯುರಜ್ಜುವಿಗೆ. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಶಿಷ್ಯರಾಗಿದ್ದವರು. ಮುಂದೆ 1970ರ ದಶಕದ ಆರಂಭದಲ್ಲಿ ಮತ್ತೆ ಅಲ್ಲಿಗೇ ಬಂದು ಅಣುಜೀವಭೌತ ವಿಭಾಗ ಕಟ್ಟಿದರು. ಯಾನಸ್ ಹದ ಮಾಡಿದ್ದು ರಾಮಚಂದ್ರನ್ ಬಿಚ್ಚಿ ತೋರಿಸಿದ ಹಗ್ಗವನ್ನು.

ತೂತಿನ ಹಾಳೆಯ ಮೇಲೆ ಯಾನಸ್ ಮತ್ತು ಬರ್ಕ್ ಸಿಲಿಕೋನಿನ ತೆಳು ಪೊರೆಯೊಂದನ್ನು ಅಂಟಿಸಿದರು. ನೀರು ಸೋರದಂತೆ, ಸೋಂಕು ಒಳಬಾರದಂತೆ ಅದು ತಾತ್ಕಾಲಿಕ ಮೇಲ್ಚರ್ಮ. 1979ರಲ್ಲಿ ಮೊದಲ ರೋಗಿ, ಮೈಯ ಅರ್ಧಕ್ಕೂ ಹೆಚ್ಚು ಸುಟ್ಟಿದ್ದ ಒಬ್ಬ ಹೆಂಗಸು. ಬರ್ಕ್ ಸತ್ತ ಚರ್ಮವನ್ನು ಕತ್ತರಿಸಿ ತೆಗೆದು ಈ ಹಾಳೆ ಹೊದಿಸಿದರು. ಬಿಳಿಯ ಹಾಳೆಯೊಳಗೆ ರಕ್ತನಾಳಗಳು ಹಬ್ಬಿದಂತೆ ಅದು ಬಣ್ಣ ತಿರುಗುತ್ತದೆ. ಅದು ಹಿಡಿಯಿತು ಎಂದು ವೈದ್ಯರಿಗೆ ತಿಳಿಯುವುದು ಹಾಗೆಯೇ. ಆಗ ಸಿಲಿಕೋನನ್ನು ಸುಲಿದು, ರೋಗಿಯ ಸುಡದ ಭಾಗದಿಂದ ಮಿಲಿಮೀಟರಿನ ಹತ್ತನೆಯ ಒಂದು ಪಾಲು ದಪ್ಪದ ಮೇಲ್ಚರ್ಮ ತೆಗೆದು ಮೇಲೆ ಹಾಸುತ್ತಾರೆ. ಅಷ್ಟು ತೆಳುವಾಗಿ ತೆಗೆದ ಜಾಗ ಬೇಗ ಮಾಯುತ್ತದೆ, ಮತ್ತೆ ಅಲ್ಲಿಂದಲೇ ತೆಗೆಯಬಹುದು. 1981ರಲ್ಲಿ ಹತ್ತು ರೋಗಿಗಳ ವರದಿ ಪ್ರಕಟವಾಯಿತು. ಅವರ ಮೈ ಶೇ. 50ರಿಂದ 95ರವರೆಗೆ ಸುಟ್ಟಿತ್ತು. ಮೈಯ ಶೇ. 60ರವರೆಗೂ ಈ ಹಾಳೆಯಿಂದ ಮುಚ್ಚಲಾಗಿತ್ತು, ಕೆಲವೆಡೆ 46 ದಿನದವರೆಗೆ.

ಅದೇ ಬಾಸ್ಟನ್ನಿನಲ್ಲಿ ಹಾವರ್ಡ್ ಗ್ರೀನ್ ಎಂಬ ಇನ್ನೊಬ್ಬ ವಿಜ್ಞಾನಿ ಬೇರೆ ದಾರಿ ಹಿಡಿದಿದ್ದರು. ಅವರದು ಮೇಲ್ಚರ್ಮದ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವ ವಿದ್ಯೆ, 1975ರಲ್ಲಿ ಸಿದ್ಧಿಸಿತು. ಮೈಯ ಶೇ. 95ಕ್ಕೂ ಹೆಚ್ಚು ಸುಟ್ಟಿದ್ದ ಐದು ಮತ್ತು ಆರು ವರ್ಷದ ಇಬ್ಬರು ಮಕ್ಕಳಿಗೆ ಅವರದೇ ಚೂರು ಚರ್ಮದಿಂದ ಹಾಳೆ ಹಾಳೆ ಮೇಲ್ಚರ್ಮ ಬೆಳೆಸಿ ಹೊದಿಸಿ ಬದುಕಿಸಿದ ವರದಿ 1984ರಲ್ಲಿ ಬಂತು. ಗ್ರೀನ್ ಹತ್ತಿರ ಇದ್ದುದು ಜೀವಕೋಶ, ಯಾನಸ್ ಹತ್ತಿರ ಇದ್ದುದು ಚಪ್ಪರ. ಎರಡೂ ಸೇರಿದರೆ ಪೂರ್ತಿ ಚರ್ಮ. ಯಾನಸ್ ತಂಡ 1982ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ, ಮೇಲ್ಚರ್ಮದ ಕೋಶಗಳನ್ನು ಬಿತ್ತಿದ ಹಾಳೆ ಗಿನಿಪಿಗ್‌ನಲ್ಲಿ ಎರಡೂ ಪದರಗಳನ್ನು ಕಟ್ಟುವುದನ್ನು ತೋರಿಸಿತ್ತು.

ಹಾಗಿದ್ದರೆ ಮರುವರ್ಷವೇ ಎಲ್ಲ ಆಸ್ಪತ್ರೆಗೂ ಬಂದಿರಬೇಕಲ್ಲ? ಇಲ್ಲ. ಹನ್ನೊಂದು ಆಸ್ಪತ್ರೆಗಳಲ್ಲಿ 106 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ 1988ರಲ್ಲಿ ಬಂತು. ಅಮೆರಿಕ ಸರ್ಕಾರದ ಅನುಮತಿ ಸಿಕ್ಕಿದ್ದು 1996ರಲ್ಲಿ, ‘ಇಂಟೆಗ್ರಾ’ ಎಂಬ ಹೆಸರಿನಲ್ಲಿ. ಮೊದಲ ರೋಗಿಯಿಂದ ಹದಿನೇಳು ವರ್ಷ. ಮೈಯೊಳಗೆ ಇಡುವ ವಸ್ತುವಿಗೆ ಈ ಎಚ್ಚರ ಬೇಕು ಎಂದು ನಾನು ನಂಬುತ್ತೇನೆ. ನಂಬುತ್ತಲೇ, ಆ ಹದಿನೇಳು ವರ್ಷ ಕಾಯಲಾರದೆ ಹೋದವರನ್ನು ನೆನೆದರೆ ಸಂಕಟವಾಗುತ್ತದೆ.

ಉಳಿದ ವರ್ಷಗಳನ್ನು ಯಾನಸ್ ಒಂದೇ ಪ್ರಶ್ನೆಗೆ ಕೊಟ್ಟರು: ಹಾಳೆ ಮಾಡಿದ್ದಾದರೂ ಏನು? ಗಾಯದ ಅಂಚನ್ನು ಜಗ್ಗುವ ಕೂಲಿಯಾಳುಗಳು ಮಯೋಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು. 1971ರಲ್ಲಿ ಜೂಲಿಯೊ ಗಬ್ಬಿಯಾನಿ ಮತ್ತು ಸಂಗಡಿಗರು ಗುರುತಿಸಿದವು. ಮಾಂಸಖಂಡದಂತೆ ಸಂಕುಚಿಸಬಲ್ಲವು. ಬರಿಯ ಗಾಯದಲ್ಲಿ ಅವು ಸಾಲಾಗಿ ನಿಂತು ಒಂದೇ ದಿಕ್ಕಿಗೆ ಎಳೆಯುತ್ತವೆ, ತೇರಿನ ಮಿಣಿ ಹಿಡಿದ ಜನರಂತೆ. ತೂತಿನ ಹಾಳೆಯೊಳಗೆ ಬಂದವು ಕೊಲಾಜೆನ್ ಗೋಡೆಗಳನ್ನು ತಬ್ಬಿ ಚೆದುರಿಹೋಗುತ್ತವೆ. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಎಳೆದರೆ ತೇರು ಕದಲದು. ಅವುಗಳ ಸಂಖ್ಯೆಯೂ ಕಡಿಮೆಯಾಗುತ್ತದೆ. ಜಗ್ಗಾಟ ನಿಂತ ಬಿಡುವಿನಲ್ಲಿ ಮೈ ಒಳಚರ್ಮ ಕಟ್ಟುತ್ತದೆ. ತುಂಡಾದ ನರದಲ್ಲೂ ಯಾನಸ್ ಇದನ್ನೇ ಕಂಡರು. ಇಲಿಯ ಕಾಲಿನ ದೊಡ್ಡ ನರದ ಎರಡು ತುದಿಗಳ ನಡುವೆ ಕೊಳವೆ ಜೋಡಿಸಿ, ಒಳಗೆ ಈ ಕೊಲಾಜೆನ್ ಜಾಲ ತುಂಬಿದಾಗ ನರದ ಎಳೆಗಳು ಸೆಂಟಿಮೀಟರಿಗೂ ಮಿಕ್ಕ ಕಂದರವನ್ನು ದಾಟಿದವು. ಅಲ್ಲೂ ತುದಿಯನ್ನು ಬಿಗಿದು ಮುಚ್ಚಲು ಅದೇ ಕೂಲಿಯಾಳುಗಳು ಸುತ್ತುಗಟ್ಟಿರುತ್ತಿದ್ದರು. 2001ರಲ್ಲಿ ಇದನ್ನೆಲ್ಲ ಒಂದು ದೊಡ್ಡ ಪುಸ್ತಕವಾಗಿಸಿದರು. 2015ರಲ್ಲಿ ಅದನ್ನು ಪರಿಷ್ಕರಿಸಿದರು. ಆಗ ಅವರಿಗೆ ಎಂಬತ್ತು. ಅದೇ ವರ್ಷ ಅವರಿಗೂ, ನಾಲ್ಕು ವರ್ಷ ಹಿಂದೆ ತೀರಿಕೊಂಡಿದ್ದ ಬರ್ಕ್ ಅವರಿಗೂ ಅಮೆರಿಕದ ಆವಿಷ್ಕಾರಕರ ಗೌರವಪಟ್ಟಿಯಲ್ಲಿ ಸ್ಥಾನ ಸಿಕ್ಕಿತು.

ನಮ್ಮಲ್ಲಿ ಇಂಟೆಗ್ರಾ ದುಬಾರಿ. ಹಾಗೆಂದು ಕೈಕಟ್ಟಿ ಕೂತಿಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ, ಚರ್ಮ ಹದ ಮಾಡುವ ಉದ್ಯಮಕ್ಕಾಗಿ ಹುಟ್ಟಿದ್ದು, ಸುಟ್ಟಗಾಯಕ್ಕೆ ಹೊದಿಸುವ ಕೊಲಾಜೆನ್ ಹಾಳೆಗಳನ್ನು ರೂಪಿಸಿತು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಹಂದಿಯ ಪಿತ್ತಕೋಶದಿಂದ ಜೀವಕೋಶಗಳನ್ನೆಲ್ಲ ತೊಳೆದು ಉಳಿದ ಜಾಲರಿಯನ್ನು ‘ಕೋಲಿಡರ್ಮ್’ ಎಂಬ ಹೊದಿಕೆಯಾಗಿಸಿದೆ. 2023ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕ್ ಇದೆ. ಸತ್ತ ಆರು ಗಂಟೆಯೊಳಗೆ ಮನೆಯವರು ತಿಳಿಸಿದರೆ ಕಾಲು, ತೊಡೆ, ಬೆನ್ನಿನಿಂದ ತೆಳು ಪದರವನ್ನಷ್ಟೇ ತೆಗೆಯುತ್ತಾರೆ. ಮೈ ವಿಕಾರವಾಗುವುದಿಲ್ಲ, ರಕ್ತ ಸುರಿಯುವುದಿಲ್ಲ. ಗ್ಲಿಸರಿನ್‌ನಲ್ಲಿ ಐದು ವರ್ಷದವರೆಗೂ ಕೆಡದೆ ಉಳಿಯುವ ಆ ಚರ್ಮ ಬೇರೊಬ್ಬರ ಮೈಮೇಲೆ ಕೆಲವೇ ವಾರ ನಿಲ್ಲುತ್ತದೆ. ಆದರೆ ಸುಟ್ಟ ಮೈಗೆ ಆ ಕೆಲವು ವಾರಗಳೇ ಬೇಕಾಗಿರುವುದು. ಕಣ್ಣಿನಂತೆ ಚರ್ಮವನ್ನೂ ಕೊಡಬಹುದೆಂದು ನಮ್ಮ ಎಷ್ಟೋ ಮನೆಗಳಿಗೆ ಇನ್ನೂ ತಿಳಿದಿಲ್ಲ. ನನ್ನ ಮನೆಯಲ್ಲಿ ನಾನು ಹೇಳಿಟ್ಟಿದ್ದೇನೆ.

ಯಾನಸ್ ಅವರ 1989ರ ಪ್ರಬಂಧದ ಶೀರ್ಷಿಕೆಯಲ್ಲೇ ‘ಭಾಗಶಃ’ ಎಂಬ ಮಾತಿದೆ. ಚರ್ಮದ ಭಾಗಶಃ ಪುನರುತ್ಪತ್ತಿ. ಹೆಸರು ಬಂದಮೇಲೂ ಅವರು ಆ ಮಾತನ್ನು ಕೈಬಿಡಲಿಲ್ಲ. ಹಾಳೆಯ ಮೇಲೆ ಬೆಳೆದ ಚರ್ಮದಲ್ಲಿ ರಕ್ತನಾಳಗಳಿವೆ, ನರಗಳು ಬರುತ್ತವೆ, ಚರ್ಮ ಮೆತ್ತಗೆ ಬಾಗುತ್ತದೆ, ಕುತ್ತಿಗೆ ಮೇಲೇಳುತ್ತದೆ. ಕೂದಲ ಬೇರು ಬರುವುದಿಲ್ಲ, ಬೆವರುಗ್ರಂಥಿ ಬರುವುದಿಲ್ಲ. ಕಲೆಗೂ ಅವಿಲ್ಲ. ಬೆವರದ ಚರ್ಮಕ್ಕೆ ಮೈಯ ಬಿಸಿಯನ್ನು ಹೊರಹಾಕುವ ದಾರಿಯಿಲ್ಲ. ಬಿಸಿಲು ಏರಿದಂತೆ ಒಳಗೇ ಬೇಯುತ್ತದೆ. ಇದನ್ನು ಓದಿದ ರಾತ್ರಿ ದಾವಣಗೆರೆಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. ‘ಹೂಂ ಕಣೋ, ಆ ಕಡೆ ಮೈ ಬೆವರ್ತಾನೇ ಇರ್ಲಿಲ್ಲ ಅವ್ರಿಗೆ. ಉರಿ ಉರಿ ಅಂತಿದ್ರು. ಗಂಟೆಗೊಂದ್ಸಲ ಬಾನಿಯಲ್ಲಿ ಟವೆಲ್ ಅದ್ಕೊಂಡು ಹಾಕ್ಕೋತಿದ್ರು’ ಎಂದಳು. ಬೀದಿಯ ನಲ್ಲಿಗೆ ನೀರು ಬರದ ದಿನ ನಮ್ಮ ಮನೆಯ ಬಾವಿಯಿಂದ ಸೇದಿ ಒಂದು ಕೊಡ ಅತ್ತೆಗೆ ಕೊಟ್ಟು ಬರುವುದು ನನ್ನ ಕೆಲಸವಾಗಿತ್ತು. ಯಾಕೆಂದು ತಿಳಿಯದೆ ಕೊಟ್ಟು ಬರುತ್ತಿದ್ದೆ.